ಹೆಂಚಿನವರ ಹಾಜರಿ

ನಮ್ಮ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಒಂದು ಸ್ಟೀಲ್ ಡಬ್ಬಿ ಇದೆ. ಮುಚ್ಚಳದ ಮೇಲೆ ಅಮ್ಮನ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೆತ್ತಲಾಗಿದೆ, ರಾಮನಗರದ ಪಾತ್ರೆ ಅಂಗಡಿಯಲ್ಲಿ ಆಗ ಎಲ್ಲರಿಗೂ ಕೆತ್ತಿಕೊಡುತ್ತಿದ್ದ ಹಾಗೆ. ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಅದು ಅಂಚಿನಿಂದ ಕೆಳಕ್ಕೆ ಜಾರುತ್ತಿರುವಂತೆ ಕಾಣುತ್ತದೆ. ಒಂದು ಪಕ್ಕ ತಗ್ಗಿದೆ. ಐರ್ಲೆಂಡಿನ ಬಂದರೂರು ಡನ್ ಲಿಯರಿಯ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಇಟ್ಟಿಗೆಯ ಗೋಡೆಯೊಂದಿದೆ, ಅದರ ಮೇಲಿಂದ ಒಮ್ಮೆ ಬಿದ್ದದ್ದರ ಗುರುತು ಅದು. ಡಬ್ಬಿ ಆ ಗೋಡೆಯನ್ನು ದಾಟಿದಷ್ಟು ಸಲ ನಾನು ಯಾವ ಗಡಿಯನ್ನೂ ದಾಟಿಲ್ಲ. ಆಚೆ ಹೋಗುವಾಗ ಸಾರೋ ಚಿತ್ರಾನ್ನವೋ ಇರುತ್ತಿತ್ತು, ಈಚೆ ಬರುವಾಗ ಏನಾದರೊಂದು. ನಮ್ಮ ಕಡೆ ಕೊಟ್ಟ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ತಳದಲ್ಲಿರಬೇಕು. ಅದನ್ನು ನಾನು ಬಹುಕಾಲ ಬರೀ ಶಿಷ್ಟಾಚಾರವೆಂದುಕೊಂಡಿದ್ದೆ. ಅದರೊಳಗೆ ಒಂದು ಇಡೀ ಊರಿನ ಆಟದ ಸಂಘವೇ ಕೂತಿದೆಯೆಂದು ತಿಳಿದದ್ದು ಮಹಾಮಾರಿಯ ಕಾಲದಲ್ಲಿ.

ಮುಂದುವರಿಯುವ ಮೊದಲು ಒಂದು ಎಚ್ಚರಿಕೆ. ನಾನು ದಿನಚರಿ ಬರೆಯುವವಳು, ಆದರೆ ನನ್ನ ನೆನಪನ್ನು ನಂಬುವವಳಲ್ಲ; ನಿಜ ಹೇಳಬೇಕೆಂದರೆ ದಿನಚರಿಯನ್ನೂ ಪೂರ್ತಿ ನಂಬುವುದಿಲ್ಲ, ಏಕೆಂದರೆ ಅದನ್ನು ಬರೆಯುವವಳು ಯಾರೆಂದು ನನಗೆ ಗೊತ್ತು. ಮೈಸೂರಿನಲ್ಲಿ ಇತಿಹಾಸ ಓದಿದೆ, ಆಮೇಲೆ ಹೊಟ್ಟೆಪಾಡಿನ ಓದನ್ನು ಇಲ್ಲಿಯ ಡನ್‌ಡಾಕ್‌ನಲ್ಲಿ ಓದಿದೆ. ಎರಡೂ ಕಡೆ ಮೇಷ್ಟ್ರುಗಳು ಕಲಿಸಿದ್ದು ಒಂದನ್ನೇ: ಒಬ್ಬನೇ ಸಾಕ್ಷಿ ಹೇಳಿದ್ದನ್ನು ಹಾಗೇ ನಂಬಬೇಡ. ಈಗ ಹೇಳಹೊರಟಿರುವುದು ಹಂಗೇರಿ ದೇಶದ ಒಂದು ಸಣ್ಣ ಊರಿನ ಸಂಘದ ಚರಿತ್ರೆ. ಆ ಊರನ್ನು ನಾನು ನೋಡಿಲ್ಲ. ಅದರ ಭಾಷೆಯಲ್ಲಿ ನನಗೆ ಬರುವುದು ಬೆರಳೆಣಿಕೆಯ ಮಾತು. ನನಗಿರುವ ಸಾಕ್ಷಿ ಒಬ್ಬರೇ, ಅವರೂ ಗೋಡೆಯಾಚೆಗಿನವರು, ಅವರ ಕಥೆಯೂ ದಿನಕ್ಕೊಂದು ಬಗೆ. ಹೀಗಿದ್ದೂ ಆ ಚರಿತ್ರೆಯನ್ನು ನಂಬುತ್ತೇನೆ. ನಂಬುವುದಷ್ಟೇ ಅಲ್ಲ, ನಾನು ಆ ಸಂಘದ ಸದಸ್ಯೆ. ಹೇಗೆಂದು ಹೇಳುತ್ತೇನೆ.

ಗೋಡೆಯಾಚೆಯವರ ಹೆಸರು ಇಮ್ರೆ. ಎಂಬತ್ತು ದಾಟಿದವರು, ಹೆಂಡತಿ ತೀರಿಕೊಂಡ ಮೇಲೆ ಮಗಳ ಜೊತೆ ಇರಲು ಐರ್ಲೆಂಡಿಗೆ ಬಂದವರು. ಮಗಳು ಜುಜಾ ಡಬ್ಲಿನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸ್. ರೋಗ ಬಂದ ಮೊದಲ ವಸಂತದಲ್ಲಿ, ಅದನ್ನು ತಾನೇ ಮನೆಗೆ ಹೊತ್ತು ತರಬಾರದೆಂದು, ಅವಳು ಆಸ್ಪತ್ರೆಯ ಹತ್ತಿರವೇ ಕೋಣೆ ಹಿಡಿದಳು. ಹೊರಡುವ ಮುನ್ನ ಗೋಡೆಯ ಹತ್ತಿರ ಬಂದು, "ವಸುಧಾ, ಅಪ್ಪನಿಗೆ ಹಾಲು ಬ್ರೆಡ್ಡು ತಂದಿಟ್ಟರೆ ಸಾಕು. ಬಾಗಿಲಲ್ಲಿ ಇಟ್ಟು ಬೆಲ್ ಮಾಡು. ಅವರು ಮಾತಿಗೆ ಎಳೆಯುತ್ತಾರೆ, ನಿಲ್ಲಬೇಡ" ಎಂದಳು. ಆ ಕೊನೆಯ ಸಲಹೆಯನ್ನು ನಾನು ಪಾಲಿಸಲಿಲ್ಲ.

ಎಪ್ಪತ್ತು ದಾಟಿದವರು ಹೊರಗೆ ಬರಬಾರದೆಂದು ಇಲ್ಲಿಯ ಸರ್ಕಾರ ಹೇಳಿತ್ತು. ಅದಕ್ಕೆ ಅವರು ಇಟ್ಟ ಹೆಸರು 'ಕಕೂನಿಂಗ್', ರೇಷ್ಮೆಹುಳುವಿನಂತೆ ಗೂಡು ಕಟ್ಟಿಕೊಳ್ಳುವುದು. ಇಂಗ್ಲಿಷಿನಲ್ಲಿ ಅದು ಬೆಚ್ಚಗಿನ, ಮುದ್ದಾದ ಮಾತು. ಆದರೆ ರೇಷ್ಮೆಗೂಡಿನ ಮಾರುಕಟ್ಟೆಯ ವಾಸನೆಯಲ್ಲೇ ಬೆಳೆದ ನನಗೆ ಗೂಡಿನ ಮುಂದಿನ ಗತಿ ಏನೆಂದು ಚೆನ್ನಾಗಿ ಗೊತ್ತು, ಬಿಸಿನೀರಿನ ಬಾಣಲೆ. ಇದನ್ನು ಇಮ್ರೆಯವರಿಗೆ ಹೇಳಿದಾಗ ಅವರು ಗೋಡೆ ಹಿಡಿದುಕೊಂಡು ನಕ್ಕರು.

"ಹಾಗಾದರೆ ನಾನು ಚಿಟ್ಟೆಯಾಗೇ ಹೊರಗೆ ಬರಬೇಕು, ವಾಶು. ಎಂಬತ್ತು ಕಿಲೋ ಚಿಟ್ಟೆ. ಕುಸ್ತಿ ಚಿಟ್ಟೆ!"

ವಸು ಎಂಬುದು ಅವರ ಬಾಯಲ್ಲಿ ವಾಶು ಆಗಿತ್ತು. ನಾನು ಅವರನ್ನು 'ಇಮ್ರೆ ಬಾಚಿ' ಎನ್ನುತ್ತಿದ್ದೆ. ಬಾಚಿ ಎಂದರೆ ಅವರ ಕಡೆ ಹಿರಿಯರನ್ನು ಕರೆಯುವ ಮಾತು, ನಮ್ಮ 'ಮಾಮ'ನ ಹಾಗೆ. ನನ್ನ ಗಂಡ ಸತೀಶನಿಗೆ ಅವರು 'ಅಜ್ಜ', ಮಗಳು ಮಿಹಿರಾಗೆ ಬರೀ 'ಇಮ್ರೆ'. ಅವರ ಇಂಗ್ಲಿಷೂ ನನ್ನದೂ ಬಾಡಿಗೆ ಮನೆಯಂಥವು, ಮೊಳೆ ಹೊಡೆಯಲು ಇಬ್ಬರಿಗೂ ಅಂಜಿಕೆ. ಹಾಗಾಗಿ ಮಾತು ಚೆನ್ನಾಗಿ ಸಾಗುತ್ತಿತ್ತು.

ಕುಸ್ತಿ ಚಿಟ್ಟೆ ಎಂದದ್ದೇ ಸಂಘದ ಕಥೆಗೆ ಬಾಗಿಲಾಯಿತು. ಅವರು ಹುಟ್ಟಿದ್ದು ತೀಸಾ ನದಿಯ ದಂಡೆಯ ಊರಿನಲ್ಲಿ. ಅಲ್ಲೊಂದು ಹೆಂಚಿನ ಕಾರ್ಖಾನೆ. ಕೆಲಸಗಾರರು ಸಂಜೆಗೆ ಆಡಲೆಂದು ಕಟ್ಟಿಕೊಂಡ ಸಂಘವನ್ನು ಸುತ್ತಮುತ್ತಲವರು 'ಹೆಂಚಿನವರು' ಎಂದೇ ಕರೆಯುತ್ತಿದ್ದರಂತೆ. ಹೆಂಚಿನ ಕೆಂಪು, ಸುಣ್ಣದ ಬಿಳುಪು, ಇವೆರಡೇ ಅಂಗಿಯ ಬಣ್ಣ. ಮೊದಲು ಹುಟ್ಟಿದ್ದು ಜಿಮ್ನಾಸ್ಟಿಕ್ ವಿಭಾಗ, ಅದಕ್ಕೆ ಒಂದು ತೊಲೆಯಿದ್ದರೆ ಸಾಕಿತ್ತು. ಆಮೇಲೆ ಹುಲ್ಲು ಹಾಸಿದ ಉಗ್ರಾಣದಲ್ಲಿ ಕುಸ್ತಿ. ಹೆಂಚು ದೋಣಿಯಲ್ಲಿ ಹೋಗುತ್ತಿದ್ದ ಊರಾದ್ದರಿಂದ ದೋಣಿಗೆ ಹುಟ್ಟು ಹಾಕುವ ಪಂದ್ಯದ ವಿಭಾಗ. ಇದಾವುದಕ್ಕೂ ಮೈ ಬಗ್ಗದವರಿಗಾಗಿ ಕಾಡುಮೇಡು ಸುತ್ತುವ ನಡಿಗೆ ವಿಭಾಗ. ಎಲ್ಲಕ್ಕಿಂತ ಕೊನೆಗೆ ಬಂದದ್ದು ಫುಟ್‌ಬಾಲ್.

"ಯಾಕೆ ಕೊನೆಗೆ?" ಎಂದು ಕೇಳಿದೆ.

"ಯಾಕೆಂದರೆ ಚೆಂಡು ಹೆಂಚು ಒಡೆಯುತ್ತೆ."

ಆಡಲು ಇದ್ದ ಜಾಗವೆಂದರೆ ಹಸಿ ಹೆಂಚನ್ನು ಒಣಗಲು ಜೋಡಿಸಿಡುವ ಅಂಗಳದ ನಡುವಿನ ಪಟ್ಟಿಯಂತೆ. ಚೆಂಡು ಮೊಣಕಾಲಿಗಿಂತ ಮೇಲೆ ಹಾರಬಾರದೆಂಬ ಷರತ್ತಿನ ಮೇಲೆ ಮಾಲೀಕ ಒಪ್ಪಿಗೆ ಕೊಟ್ಟ. ಮುಂದೆ ಸಂಘಕ್ಕೆ ಸ್ವಂತ ಮೈದಾನವಾಯಿತು, ಒಡೆಯಲು ಸುತ್ತ ಒಂದೂ ಹೆಂಚಿರಲಿಲ್ಲ, ಆದರೂ ತಲೆಮಾರುಗಳ ಕಾಲ ಅವರು ಚೆಂಡನ್ನು ನೆಲಕ್ಕಂಟಿಸಿಯೇ ಆಡಿದರು. ಹೊರಗಿನವರು ಅದನ್ನು ದೊಡ್ಡ ಶೈಲಿಯೆಂದು ತಿಳಿದು ವಿಶ್ಲೇಷಿಸಿದರಂತೆ. ಒಂದು ಭಯ ಅದರ ಕಾರಣವನ್ನು ಕಳೆದುಕೊಂಡ ಮೇಲೆ ಶೈಲಿಯಾಗಿ ಬಾಳುವುದು ಎಷ್ಟು ಸೊಗಸು! ನಮ್ಮ ಎಷ್ಟೋ ಸಂಪ್ರದಾಯಗಳ ಕೆಳಗೆ ಹೀಗೇ ಯಾವುದೋ ಹಸಿ ಹೆಂಚು ಇದ್ದಿರಬೇಕು.

ಸರ್ಕಾರ ಬದಲಾದಾಗಲೆಲ್ಲ ಸಂಘದ ಹೆಸರೂ ಬದಲಾಯಿತು. ಒಮ್ಮೆ ರಾಜಭಕ್ತಿಯ ಹೆಸರು, ಒಮ್ಮೆ ಕ್ರಾಂತಿಯ ಹೆಸರು, ಒಮ್ಮೆ ಯಾವುದೋ ಮಂತ್ರಾಲಯದ ಹೆಸರು. ಫಲಕ ಬರೆಯುವವನು ಮಾತ್ರ ಒಬ್ಬನೇ. ಅವನು ಹಳೆಯ ಹಲಗೆಯ ಹಿಂಬದಿಗೇ ಹೊಸ ಹೆಸರು ಬರೆಯುತ್ತಿದ್ದನಂತೆ, ಯಾವಾಗ ಮತ್ತೆ ತಿರುಗಿಸಬೇಕಾಗುತ್ತದೋ ಎಂದು. ಇದು ನಿಜವೋ ಇಮ್ರೆ ಬಾಚಿಯ ಸೇರ್ಪಡೆಯೋ ನನಗೆ ತಿಳಿಯದು. ಇತಿಹಾಸದ ವಿದ್ಯಾರ್ಥಿನಿಗೆ ಅನುಮಾನ, ಗೋಡೆಯ ಪಕ್ಕದವಳಿಗೆ ಸಂತೋಷ.

ಆದರೆ ಸಂಘದ ಜೀವಾಳ ಇದಾವುದೂ ಅಲ್ಲ, ಹಾಜರಿ. ಕಾರ್ಖಾನೆಯಲ್ಲಿ ಪಾಳಿ ಬದಲಾಗುವಾಗ ಮೇಸ್ತ್ರಿ ಹೆಸರು ಕೂಗುತ್ತಿದ್ದ. ಕರೆಸಿಕೊಂಡವನು 'ಯೆಲೆನ್' ಎನ್ನಬೇಕು, ಹಾಗೆಂದರೆ 'ಹಾಜರ್'. ಬಾರದವನಿಗೆ ಆ ದಿನದ ಕೂಲಿ ಖೋತಾ. ಹಾಗಾಗಿ ಯಾರಾದರೂ ಬರದಿದ್ದರೆ ಬೇರೆ ಶೆಡ್ಡಿನವನೊಬ್ಬ ಅವನ ಹೆಸರಿಗೆ ಯೆಲೆನ್ ಎಂದುಬಿಡುವುದು. ಅದೇ ಶೆಡ್ಡಿನವನು ಎಂದರೆ ಮೇಸ್ತ್ರಿಗೆ ಗೊತ್ತಾಗುತ್ತದೆ, ತನ್ನ ಶೆಡ್ಡಿನವರ ಗಂಟಲೆಲ್ಲ ಅವನಿಗೆ ಪರಿಚಯ. ಈ ಕಳ್ಳಾಟವೇ ಸಂಘಕ್ಕೆ ಬಂದು ವ್ರತವಾಯಿತು. ವರ್ಷಕ್ಕೊಮ್ಮೆ, ಸ್ಥಾಪನೆಯ ದಿನ, ಎಲ್ಲ ವಿಭಾಗದವರ ಹೆಸರನ್ನೂ ಕೂಗುತ್ತಾರೆ. ಬಾರದವರ ಪರವಾಗಿ ಬೇರೆ ವಿಭಾಗದವರು ಯೆಲೆನ್ ಎನ್ನಬೇಕು. ಸ್ವಂತ ವಿಭಾಗದವರು ಅನ್ನುವಂತಿಲ್ಲ, ಮನೆಯವರೂ ಅನ್ನುವಂತಿಲ್ಲ. ಮೂರು ಸಲ ಕರೆದರೂ ಉತ್ತರ ಬರದಿದ್ದರೆ ಆ ಹೆಸರು ಪಟ್ಟಿಯಿಂದ ಹೋಯಿತು. ಸಂಘದ ಬಾಳಿನಲ್ಲಿ ಒಮ್ಮೆಯೂ ಹಾಗೆ ಹೋಗಿಲ್ಲ ಎಂದು ಹೇಳುವಾಗ ಇಮ್ರೆ ಬಾಚಿಯ ಕತ್ತು ತಾನಾಗಿ ನೆಟ್ಟಗಾಗುತ್ತಿತ್ತು.

ಈ ಗಂಭೀರ ವಿಷಯವನ್ನು ನಾನು ಊಟಕ್ಕೆ ಕೂತಾಗ ಹೇಳಿದರೆ ಸತೀಶ ತಟ್ಟೆ ಬಡಿದು ನಗತೊಡಗಿದ.

"ಅಯ್ಯೋ, ಇದು ಪ್ರಾಕ್ಸಿ ಕಣೇ! ನಾವು ಇಂಜಿನಿಯರಿಂಗಲ್ಲಿ ಮಾಡ್ತಿದ್ದಿದ್ದು ಇದನ್ನೇ. ಮೆಕ್ಯಾನಿಕಲ್‌ನೋನು ಬಂದು ನಮ್ ಕ್ಲಾಸಲ್ಲಿ 'ಪ್ರೆಸೆಂಟ್ ಸಾರ್' ಅಂತಿದ್ದ. ನಮಗೆ ಹಾಜರಿ ಸಾಲ್ದು ಅಂತ ಕಂಡೊನೇಶನ್ ಫೀ ಹಾಕಿದ್ರು, ಇವ್ರು ನೋಡು, ಸಂಘ ಕಟ್ಕೊಂಡವ್ರೆ!"

"ಡ್ಯಾಡ್, ದಟ್ಸ್ ಚೀಟಿಂಗ್ ಲೈಕ್," ಎಂದಳು ಮಿಹಿರಾ, ಪಕ್ಕಾ ಡಬ್ಲಿನ್ ರಾಗದಲ್ಲಿ.

ಮಾರನೆಯ ದಿನ ಸತೀಶನೇ ಗೋಡೆಯ ಬಳಿ ಹೋಗಿ ತನ್ನ ಪ್ರಾಕ್ಸಿಯ ಸಾಹಸಗಳನ್ನು ಅಜ್ಜನಿಗೆ ವರದಿ ಮಾಡಿದ. ಅವರು ಗಂಭೀರವಾಗಿ ಕೇಳಿ, "ನೀನು ನಮ್ಮವನೇ" ಎಂದರಂತೆ. ಅಂದಿನಿಂದ ಸತೀಶನ ನಡಿಗೆಯೇ ಬದಲಾಯಿತು.

ಸಂಘದ ಚರಿತ್ರೆಯಲ್ಲಿ ಒಂದು ಪಂದ್ಯ ಉಳಿದೆಲ್ಲದಕ್ಕೂ ಶಿಖರ. ಇಮ್ರೆ ಬಾಚಿಗೆ ಆಗ ಇಪ್ಪತ್ತೂ ಆಗಿರಲಿಲ್ಲ. ಹೆಂಚಿನವರ ಫುಟ್‌ಬಾಲ್ ತಂಡ ಮೊದಲ ಸಲ ಮೇಲಿನ ದರ್ಜೆಗೆ ಏರುವ ಹೊಸಿಲಲ್ಲಿತ್ತು. ಕೊನೆಯ ಪಂದ್ಯ ದೊಡ್ಡ ಊರಿನಲ್ಲಿ, ಗೆದ್ದರೆ ಮೇಲೆ, ಹೋಗದಿದ್ದರೆ ಸೋಲು. ಆ ವಾರವೇ ಊರಿಗೆ ಜ್ವರ ಬಂತು. ಆಗಲೂ ಒಂದು ಸೋಂಕು ದೇಶದೇಶ ಸುತ್ತುತ್ತಿತ್ತಂತೆ. ತಂಡದ ಅರ್ಧಕ್ಕರ್ಧ ಹಾಸಿಗೆ ಹಿಡಿಯಿತು. ಹಿಂದಿನ ಸಂಜೆ ಸಂಘದ ಕೋಣೆಯಲ್ಲಿ ತಂಡದ ಹೆಸರು ಕೂಗಿದರು. ಮಲಗಿದವರ ಹೆಸರು ಬಂದಾಗ ಒಬ್ಬ ದೋಣಿಯವನು ಎದ್ದು ಯೆಲೆನ್ ಎಂದ, ಆಮೇಲೆ ಒಬ್ಬ ಜಿಮ್ನಾಸ್ಟ್, ಆಮೇಲೆ ಇನ್ನೊಬ್ಬ ದೋಣಿಯವನು. ಗೋಲು ಕಾಯುವವನ, ಅಂದರೆ ಗೋಲಿಯ, ಹೆಸರು ಬಂದಾಗ ಕುಸ್ತಿಯ ಇಮ್ರೆ ಯೆಲೆನ್ ಎಂದರು. "ಕೂಗುವುದು ಸುಲಭ," ಎಂದರು ನನ್ನೊಡನೆ, "ಆಮೇಲೆ ತಿಳಿಯಿತು, ಈ ಸಲ ಬರೀ ಕೂಗಿದರೆ ಸಾಲದು, ಬಸ್ಸು ಹತ್ತಬೇಕು."

ಆ ಪಂದ್ಯವನ್ನು ನಾನು ಎಷ್ಟು ಸಲ ಕೇಳಿದ್ದೇನೋ. ದೋಣಿಯವರು ಸದಾ ಹಿಂದುಮುಂದಾಗಿ ಕೂತು ಹೋಗುವವರು, ಹಾಗಾಗಿ ಹಿಂದಕ್ಕೆ ಓಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಜಿಮ್ನಾಸ್ಟ್ ಬಿದ್ದಾಗಲೆಲ್ಲ ಲಾಗ ಹಾಕಿ ಎದ್ದು ಎದುರಾಳಿಗಳ ಚಪ್ಪಾಳೆ ಗಿಟ್ಟಿಸಿದ. ಯಾರಿಗೂ ಆಟ ಬಾರದಿದ್ದರೂ ಎಲ್ಲರಿಗೂ ಒಂದು ಗೊತ್ತಿತ್ತು: ಚೆಂಡು ನೆಲ ಬಿಡಬಾರದು. ಗೋಲಿಲ್ಲದೆ ಕೊನೆಯ ಗಳಿಗೆ ಬಂತು. ಎದುರಾಳಿಗಳ ಒದೆತ ಇಮ್ರೆಯ ಕಡೆಗೆ ಬಂತು. ಇಮ್ರೆ ಅದನ್ನು ಹಿಡಿಯಲಿಲ್ಲ. ಅಪ್ಪಿ, ಉರುಳಿಸಿ, ನೆಲಕ್ಕೊತ್ತಿ, ಅದರ ಮೇಲೆ ಮಲಗಿಬಿಟ್ಟರು. ಕುಸ್ತಿಪಟು ಎದುರಾಳಿಯನ್ನು ಚಿತ್ ಮಾಡಿದ ಮೇಲೆ ಏನು ಕಾಯುತ್ತಾನೋ ಅದನ್ನೇ ಕಾಯುತ್ತಾ, ತೀರ್ಪುಗಾರನ ಮುಖ ನೋಡುತ್ತಾ! ಎಲ್ಲರೂ ದಂಗಾಗಿ ನಿಂತರು. ತೀರ್ಪುಗಾರ ಹತ್ತಿರ ಬಂದು ಬಗ್ಗಿ, "ತಮ್ಮಾ, ಚೆಂಡು ಸೋಲೊಪ್ಪಿಕೊಂಡಿದೆ, ಇನ್ನು ಬಿಡಪ್ಪ" ಎಂದನಂತೆ. ಇಮ್ರೆ ಎದ್ದು ಚೆಂಡನ್ನು ಬೀಸಿ ಉರುಳಿಸಿದರು. ಇನ್ನೂ ನಗುತ್ತ ನಿಂತಿದ್ದ ಎದುರಾಳಿಗಳ ಕಾಲುಗಳ ನಡುವೆ ಅದು ನೆಲಕ್ಕಂಟಿಕೊಂಡೇ ಸಾಗಿತು, ಜಿಮ್ನಾಸ್ಟ್ ಓಡಿದ, ಗೋಲು. ಹೆಂಚಿನವರು ಮೇಲೇರಿದರು.

ಈಗ ನನ್ನ ಸಮಸ್ಯೆ. ಒಂದು ದಿನ ಹೇಳುವಾಗ ಕಣ್ಣಿಗೆ ಬಿಸಿಲು ಹೊಡೆಯುತ್ತಿತ್ತು ಎಂದರು, ಇನ್ನೊಂದು ದಿನ ಮಳೆಯಲ್ಲಿ ಚೆಂಡು ಮೀನಿನಂತೆ ಜಾರುತ್ತಿತ್ತು ಎಂದರು. ನಾನು ಬಿಡಲಿಲ್ಲ. "ಇಮ್ರೆ ಬಾಚಿ, ಬಿಸಿಲೋ ಮಳೆಯೋ?"

ಅವರು ನನ್ನನ್ನೇ ದಿಟ್ಟಿಸಿ, "ಎರಡೂ ಇತ್ತು" ಎಂದರು. "ವಾಶು, ನೀನು ಐರ್ಲೆಂಡಿನಲ್ಲಿದ್ದುಕೊಂಡು ಈ ಪ್ರಶ್ನೆ ಕೇಳುತ್ತೀಯಾ?"

ಸೋತೆ. ಮನೆಯೊಳಗೆ ಬಂದು ನನ್ನ ದಿನಚರಿ ತೆರೆದರೆ, ಡಬ್ಬಿ ಮೊದಲ ಸಲ ಗೋಡೆ ದಾಟಿದ ದಿನ ಜಿಟಿಜಿಟಿ ಮಳೆ ಎಂದು ಬರೆದಿತ್ತು. ನನ್ನ ಕಣ್ಣಿಗೆ ಕಟ್ಟಿರುವುದೋ ಮುಚ್ಚಳದ ಮೇಲೆ ಫಳಫಳಿಸಿದ ಬಿಸಿಲು. ಬೇರೆಯವರ ನೆನಪನ್ನು ವಿಚಾರಣೆಗೆ ಎಳೆಯುವಾಗ ನನ್ನದನ್ನು ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಿಸುತ್ತೇನಲ್ಲ, ಯಾವ ಅರ್ಹತೆಯ ಮೇಲೆ?

ಬೇಸಿಗೆ ಹೀಗೇ ಸಂತೋಷವಾಗಿ ಸರಿಯಿತು. ಸಾರು ಕೊಟ್ಟರೆ ಡಬ್ಬಿಯಲ್ಲಿ ಬಿಸಿಲಿಗಿಟ್ಟು ಹುಳಿ ಬರಿಸಿದ ಸೌತೆಕಾಯಿ ಬಂತು. ವಾಂಗೀಬಾತಿಗೆ ದೊಣ್ಣೆಮೆಣಸಿನಕಾಯಿ ಟೊಮೆಟೊದ ಪಲ್ಯ ಬಂತು, ನಮ್ಮ ಗೊಜ್ಜಿಗೆ ದಾಯಾದಿ. ನಾವು ಮಾಂಸ ತಿನ್ನುವುದಿಲ್ಲವೆಂದು ಒಮ್ಮೆ ಹೇಳಿದ್ದು ಅವರಿಗೆ ಮರೆಯಲೇ ಇಲ್ಲ. ಮುಂದಿನ ವಸಂತಕ್ಕೆ ಸಂಘಕ್ಕೆ ನೂರು ತುಂಬುತ್ತದೆಂದೂ, ಆ ಪಂದ್ಯದ ಹನ್ನೊಂದು ಜನರಲ್ಲಿ ತಾನೊಬ್ಬನೇ ಉಳಿದಿರುವುದೆಂದೂ, ಊರಿಗೆ ಹೋಗಿ ತನ್ನ ಹೆಸರಿಗೆ ತಾನೇ ಯೆಲೆನ್ ಎನ್ನಬೇಕೆಂದೂ ಹೇಳುತ್ತಿದ್ದರು. "ಹತ್ತು ಜನರಿಗೆ ಬೇರೆಯವರು ಉತ್ತರ ಕೊಡುತ್ತಾರೆ. ಒಂದಾದರೂ ಸ್ವಂತ ಗಂಟಲು ಇರಲಿ." ಅದೊಂದೇ ಅವರ ಆಸೆ.

ಚಳಿಗಾಲದಲ್ಲಿ ಆ ಗಂಟಲಿಗೇ ಏಟು ಬಿತ್ತು. ಒಂದು ಬೆಳಿಗ್ಗೆ ಪಕ್ಕದ ಮನೆಯ ಮುಂದೆ ಆಂಬುಲೆನ್ಸ್ ನಿಂತಿತ್ತು. ಸ್ಟ್ರೆಚರಿನ ಮೇಲಿಂದ ಅವರು ಹೆಬ್ಬೆರಳೆತ್ತಿ, "ಗ್ರ್ಯಾಂಡ್, ಗ್ರ್ಯಾಂಡ್" ಎಂದರು, ಇಲ್ಲಿಯವರು ಚೆನ್ನಾಗಿದ್ದಾಗಲೂ ಚೆನ್ನಾಗಿಲ್ಲದಾಗಲೂ ಹೇಳುವಂತೆ. ಆಮೇಲೆ ಸುದ್ದಿ ಜುಜಾಳಿಂದ ಬರಬೇಕಿತ್ತು, ಬಂದ ಸುದ್ದಿ ಚೆನ್ನಾಗಿರಲಿಲ್ಲ. ಸೋಂಕು ಎದೆಗಿಳಿದು, ಉಸಿರಿಗೆಂದು ಗಂಟಲೊಳಗೆ ಕೊಳವೆ ಹಾಕಿದ್ದರು. ಒಂದು ಮಧ್ಯಾಹ್ನ ಅವಳು ಬಟ್ಟೆ ತೆಗೆದುಕೊಂಡು ಹೋಗಲು ಮನೆಗೆ ಬಂದವಳು ನಮ್ಮ ಡಬ್ಬಿಯನ್ನು ತೊಳೆದು, ಒರೆಸಿ, ಗೋಡೆಯ ಮೇಲಿಟ್ಟು ಹೋದಳು. ಅವಳಿಗೇನು ಗೊತ್ತು, ಪಾಪ. ನಾನು ಮುಚ್ಚಳ ತೆರೆದೆ. ತಳ ಕನ್ನಡಿಯಂತೆ ಹೊಳೆಯಿತು. ಅಷ್ಟು ಖಾಲಿಯಾದ ಪಾತ್ರೆಯನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಹೆದರಿಕೆಯಾಗಿ, ಒಳಗೆ ಒಂದು ಚಮಚ ಸಕ್ಕರೆ ಹಾಕಿ ಮುಚ್ಚಿಟ್ಟೆ. ಯಾರಿಗಾಗಿ ಹಾಕಿದೆ, ಯಾರ ಪರವಾಗಿ ಹಾಕಿದೆ ಎಂದು ಆಗ ಯೋಚಿಸಲಿಲ್ಲ.

ಗೂಡಿನಿಂದ ಚಿಟ್ಟೆ ಹೊರಬಂತು. ಬಾಣಲೆಯ ಬಾಯಿಂದ ಬಂತೆಂದೇ ಹೇಳಬೇಕು. ಇಳಿದ ಮೈ, ಕೈಯಲ್ಲಿ ಕೋಲು. ದನಿ ಮಾತ್ರ ಬರಲಿಲ್ಲ. ಗಂಟಲಿನಿಂದ ಹೊರಡುತ್ತಿದ್ದದ್ದು ಒಣ ಎಲೆ ಉಜ್ಜಿದಂಥ ಪಿಸುಗುಟ್ಟು. ನಿಧಾನವಾಗಿ ಬರಬಹುದು, ಬಾರದೆಯೂ ಇರಬಹುದು ಎಂದಿದ್ದರು ವೈದ್ಯರು. ಸಂಘದ ನೂರನೆಯ ದಿನ ಹತ್ತಿರವಾಗುತ್ತಿತ್ತು. ವಿಮಾನದ ಮಾತೇ ಇಲ್ಲ, ಸಭೆ ಕಂಪ್ಯೂಟರಿನಲ್ಲೇ ಎಂದು ಊರಿನಿಂದ ತಿಳಿಸಿದ್ದರು. ಮನೆಯಿಂದ ಐದು ಕಿಲೋಮೀಟರಿನೊಳಗೆ ತಿರುಗಾಡಬಹುದಿತ್ತು, ಬಂದರಿನ ಕಟ್ಟೆ ಅದರೊಳಗೇ ಇತ್ತು. ದಿನಾ ಮಧ್ಯಾಹ್ನ ನಾವಿಬ್ಬರೂ ನಡುವೆ ಎರಡು ಮೀಟರ್ ಬಿಟ್ಟುಕೊಂಡು ಸಮುದ್ರದೊಳಕ್ಕೆ ಚಾಚಿದ ಆ ಕಲ್ಲಿನ ಕಟ್ಟೆಯ ಮೇಲೆ ನಡೆದು, ತುದಿಯ ದೀಪಸ್ತಂಭದ ಬಳಿ ನಿಲ್ಲುವೆವು. ಅವರು ಸಮುದ್ರಕ್ಕೆ ಮುಖಮಾಡಿ, ಎದೆ ತುಂಬ ಗಾಳಿ ತೆಗೆದುಕೊಂಡು, ಯೆಲೆನ್ ಎಂದು ಕೂಗುವರು. ಬರುತ್ತಿದ್ದದ್ದು ಸೈಕಲ್ಲಿನ ಗಾಳಿ ಬಿಟ್ಟ ಸದ್ದು. ಅಲ್ಲಿ ವಾಕಿಂಗ್ ಬಂದವರು ಬೇರೆ ಕಡೆ ನೋಡುವರು. ಕಡಲಕಾಗೆಗಳು ಕದಲುತ್ತಲೂ ಇರಲಿಲ್ಲ.

ಒಂದು ದಿನ ಅವರು ಕಟ್ಟೆಯ ಮೇಲೆ ಕೂತು, ಪಿಸುದನಿಯಲ್ಲೇ ಹೇಳಿದರು: "ವಾಶು, ನನ್ನ ಹೆಸರಿಗೆ ನೀನು ಯೆಲೆನ್ ಅನ್ನು."

ಆವರೆಗೆ ನನ್ನ ತಲೆಯಲ್ಲಿ ಕೂತಿದ್ದ ಚಿತ್ರವೇ ಬೇರೆ. ಅವರು ಸದಾ ಹೇಳುತ್ತಿದ್ದದ್ದು ಆ ಹತ್ತು ಜನರ ಹೆಸರಿಗೆ ಬೇರೆಯವರು ಉತ್ತರಿಸುವುದನ್ನು. ಆ ಹತ್ತೂ ಜನ ತೀರಿಕೊಂಡವರು. ಹಾಗಾಗಿ ನಾನು ಅದನ್ನು ತರ್ಪಣದ ಸಾಲಿಗೆ ಸೇರಿಸಿಬಿಟ್ಟಿದ್ದೆ. ಎದುರಿಗೇ ಕೂತು ಉಸಿರಾಡುತ್ತಿರುವ ಮನುಷ್ಯನಿಗೆ ಅದನ್ನು ಮಾಡುವುದೇ?

"ಬಿಡ್ತು ಅನ್ನಿ!" ಎಂದೆ, ಕನ್ನಡದಲ್ಲೇ. ಆಮೇಲೆ ಇಂಗ್ಲಿಷಿನಲ್ಲಿ, "ನೀವು ಬದುಕಿದ್ದೀರಿ, ಬಾಚಿ. ಅಂಥ ಮಾತು ಆಡಬಾರದು. ನನ್ನ ಕೈಲಾಗಲ್ಲ."

ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಭುಜ ಕುಣಿಯತೊಡಗಿತು, ಸದ್ದಿಲ್ಲದ ನಗು, ಕಣ್ಣಲ್ಲಿ ನೀರು. ಉಸಿರು ಸಿಕ್ಕ ಮೇಲೆ ತುಂಡು ತುಂಡಾಗಿ ಹೇಳಿದರು. ಒಬ್ಬ ಹೆಂಡತಿಯ ಹೆರಿಗೆಗೆ ಹೋಗಿದ್ದ, ಅವನಿಗೆ ಉತ್ತರ ಕೊಟ್ಟೆವು. ಒಬ್ಬ ಸರ್ಕಾರವನ್ನು ಬೈದು ಜೈಲಿನಲ್ಲಿದ್ದ, ಅವನಿಗೂ ಕೊಟ್ಟೆವು, ಸ್ವಲ್ಪ ಜೋರಾಗೇ. ಒಬ್ಬ ಕುಡಿದು ದೋಣಿಯಲ್ಲಿ ಮಲಗಿದ್ದ. "ಬರಲಾಗದವನಿಗೆ ಉತ್ತರ, ಅಷ್ಟೇ. ಸತ್ತವರೂ ಹಾಗೇ, ಬೇರೆ ಕಡೆ ಕೆಲಸದಲ್ಲಿದ್ದಾರೆ. ಈಗ ನನ್ನ ದನಿ ಬೇರೆ ಕಡೆ ಕೆಲಸಕ್ಕೆ ಹೋಗಿದೆ."

ನನಗೆ ನಾಚಿಕೆಯೂ ನಗುವೂ ಒಟ್ಟಿಗೆ ಬಂದವು. "ಆದರೆ ಬೇರೆ ವಿಭಾಗದವರೇ ಆಗಬೇಕಲ್ಲ? ನಾನು ಯಾವ ವಿಭಾಗದವಳೂ ಅಲ್ಲ."

ಅವರು ಕೋಲಿನಿಂದ ಆ ಉದ್ದನೆಯ ಕಟ್ಟೆಯನ್ನು, ನಾವು ದಿನಾ ನಡೆದ ದಾರಿಯನ್ನು, ತುದಿಯಿಂದ ತುದಿಗೆ ತೋರಿಸಿದರು. "ನಡಿಗೆ ವಿಭಾಗ," ಎಂದರು. ಹೀಗೆ ಐರಿಷ್ ಸಮುದ್ರದ ದಂಡೆಯಲ್ಲಿ, ರಾಮನಗರದ ನಾನು, ತೀಸಾ ದಂಡೆಯ ಹೆಂಚಿನವರ ಸಂಘದ ಸದಸ್ಯೆಯಾದೆ.

ಆ ದಿನ ಬಂತು. ಭಾನುವಾರ ಮಧ್ಯಾಹ್ನ. ಇಬ್ಬರ ಹಿತ್ತಲೂ ಕಾಣುವಂತೆ ಗೋಡೆಯ ಮೇಲೆ ನಮ್ಮ ಲ್ಯಾಪ್‌ಟಾಪ್ ಇಟ್ಟೆವು. ಆ ಬದಿಗೆ ಇಮ್ರೆ ಬಾಚಿ ಮಾಸಿದ ಕೆಂಪು ಬಿಳಿಯ ಅಂಗಿಯಲ್ಲಿ, ಪಕ್ಕದಲ್ಲಿ ರಜೆ ಹಾಕಿ ಬಂದ ಜುಜಾ. ಈ ಬದಿಗೆ ನಾವು ಮೂವರು. ಪರದೆಯ ಮೇಲೆ ಚೌಕ ಚೌಕವಾಗಿ ಮುಖಗಳು, ಒಣಗಲಿಟ್ಟ ಹೆಂಚಿನ ಸಾಲುಗಳಂತೆ. ಸಂಘದ ಅಧ್ಯಕ್ಷೆ ಹಳೆಯ ದೋಣಿಪಟು, ಸುಕ್ಕುಗಟ್ಟಿದ ಬಲವಾದ ಹೆಂಗಸು. ತಮ್ಮ ಸರದಿ ಬರುವವರೆಗೆ ಎಲ್ಲರೂ ಮೈಕು ಮುಚ್ಚಿರಬೇಕೆಂದು ಆಕೆ ಹೇಳಿದ್ದನ್ನು ಜುಜಾ ನಮಗೆ ಅನುವಾದಿಸಿದಳು. ಸಮಯಕ್ಕೆ ಸರಿಯಾಗಿ ಗುಂಡಿ ಸಿಗದಿದ್ದರೆ ಎಂಬ ಭಯಕ್ಕೆ ನಾನು ನಮ್ಮದನ್ನು ತೆರೆದೇ ಇಟ್ಟಿದ್ದೆ.

"ಲೇ, ಮ್ಯೂಟ್ ಮಾಡೇ. ನಮ್ ಮನೆ ಕುಕ್ಕರ್ ಕೂಗೋದು ಹಂಗೇರಿಗೆಲ್ಲ ಕೇಳ್ತೈತೆ," ಎಂದ ಸತೀಶ.

"ಕೇಳಲಿ ಬಿಡಿ," ಎಂದೆ.

ಜಿಮ್ನಾಸ್ಟಿಕ್, ಕುಸ್ತಿ, ದೋಣಿ, ಹೀಗೆ ಹೆಸರುಗಳು ಸಾಗಿದವು. ಆಮೇಲೆ ಫುಟ್‌ಬಾಲ್. ಗಂಡಸರ ತಂಡ ಆಡಲು ಜನವಿಲ್ಲದೆ ಎಂದೋ ನಿಂತುಹೋಗಿದೆ. ಈಗಿರುವುದು ಹುಡುಗಿಯರ ತಂಡ, ಅದು ಆ ವರ್ಷ ತಾನೇ ಮೇಲಿನ ದರ್ಜೆಗೆ ಏರಿತ್ತು, ಆ ಹಳೆಯ ಪಂದ್ಯದ ನಂತರ ಮೊದಲ ಸಲ. ಜುಜಾ ಇದನ್ನು ಹೇಳಿದಾಗ ಇಮ್ರೆ ಬಾಚಿ ಮುಷ್ಟಿಯಿಂದ ಗೋಡೆ ಗುದ್ದಿದರು. ಗೆದ್ದ ಹುಡುಗಿಯರು ಒಬ್ಬೊಬ್ಬರಾಗಿ ಯೆಲೆನ್ ಎಂದರು, ಅವರ ದನಿಯಲ್ಲಿ ಬಾವುಟ ಹಾರುತ್ತಿತ್ತು. ಗೋಲಿಯ ಹೆಸರು ಬಂತು: ಎಸ್ತರ್. ಉತ್ತರವಿಲ್ಲ. ಸೋಂಕು ತಗುಲಿ ಹುಡುಗಿ ಜ್ವರದಲ್ಲಿ ಮಲಗಿದ್ದಾಳೆಂದು, ಅವಳ ಪರವಾಗಿ ಉತ್ತರಿಸಲು ಒಪ್ಪಿದ್ದ ದೋಣಿಯವನ ಸಂಪರ್ಕ ಆ ಕ್ಷಣಕ್ಕೇ ಕಡಿದುಹೋಯಿತೆಂದು ತಿಳಿದದ್ದು ಆಮೇಲೆ. ಎರಡನೆಯ ಸಲ ಕರೆದರು. ಚೌಕಗಳಲ್ಲಿ ಗಾಬರಿ. ಬಾಯಿಗಳು ತೆರೆಯುತ್ತಿವೆ, ಬೆರಳುಗಳು ಗುಂಡಿ ಹುಡುಕುತ್ತಿವೆ, ದನಿ ಮಾತ್ರ ಯಾರದೂ ಇಲ್ಲ. ತಮ್ಮ ಗೋಲಿಗೆ ತಾವೇ ಉತ್ತರಿಸುವಂತಿಲ್ಲದ ಹುಡುಗಿಯರು ಕೈಯಿಂದ ಮುಖ ಮುಚ್ಚಿಕೊಂಡರು. ನೂರು ವರ್ಷ ಖಾಲಿ ಹೋಗದ ಹಾಜರಿ. ಅಧ್ಯಕ್ಷೆ ಉಸಿರೆಳೆದುಕೊಂಡು ಮೂರನೆಯ ಸಲ ಕರೆದಳು.

"ಯೆಲೆನ್!"

ಎಲ್ಲಿಂದ ಬಂತೆಂದು ತಿಳಿಯದೆ ನಾನು ಹಿಂದೆ ತಿರುಗಿ ನೋಡಿದೆ. ಅದು ಬಿರುಕು ಬಿಟ್ಟ, ಒರಟಾದ, ಬೆಂಕಿಯಲ್ಲಿ ಸುಟ್ಟುಬಂದಂಥ ದನಿ. ಹಸಿಯಲ್ಲ, ಸುಟ್ಟ ಹೆಂಚು. ನಮ್ಮ ಮಾಡಿನ ಮೇಲಿದ್ದ ಕಡಲಕಾಗೆಗಳು ಒಮ್ಮೆಲೇ ಎದ್ದವು. ಇಮ್ರೆ ಬಾಚಿ ಕೋಲು ಬಿಟ್ಟು ಎರಡೂ ಕೈಗಳಿಂದ ಗೋಡೆ ಹಿಡಿದು ನಿಂತಿದ್ದರು.

"ಯೆಲೆನ್! ಕುಸ್ತಿ ವಿಭಾಗ!"

ಒಬ್ಬ ಗೋಲಿಯ ಹೆಸರಿಗೆ ಎರಡನೆಯ ಸಲ ಆ ಕುಸ್ತಿಯವನು ಎದ್ದು ನಿಂತದ್ದು. ಹೆಂಚಿನ ಸಾಲುಗಳಂತಿದ್ದ ಆ ಚೌಕಗಳೆಲ್ಲ ಒಂದೇ ಸಲ ಕುಣಿಯತೊಡಗಿದವು. ಹುಡುಗಿಯರು ಕುರ್ಚಿಯ ಮೇಲೆ ಹತ್ತಿದರು. ಜುಜಾ ಅಪ್ಪನ ತೋಳು ಹಿಡಿದು ಅಳುತ್ತಿದ್ದಳು. ಮಿಹಿರಾ, "ಅಮ್ಮಾ, ಹಿ ರೋರ್ಡ್!" ಎಂದು ಕಿರುಚಿದಳು. ನಮ್ಮ ಕುಕ್ಕರ್ರೂ ಅದೇ ಸಮಯ ನೋಡಿ ಒಂದು ಸೀಟಿ ಹೊಡೆಯಿತು.

ಕೊನೆಗೆ ಆ ಹಳೆಯ ಹನ್ನೊಂದು ಜನರ ಹೆಸರು ಬಂದವು. ಹತ್ತಕ್ಕೆ ಹತ್ತು ಕಡೆಯಿಂದ ಉತ್ತರ ಬಂತು, ಈಗ ಯಾರೂ ಮೈಕು ಮುಚ್ಚಿರಲಿಲ್ಲ. ಹನ್ನೊಂದನೆಯದು ಇಮ್ರೆ ಬಾಚಿಯ ಹೆಸರು. ನಾನು ಸಂತೋಷದಿಂದ ಅವರ ಕಡೆ ತಿರುಗಿ ಕಾದೆ. ದನಿ ಬಂದಿದೆಯಲ್ಲ, ವರ್ಷವಿಡೀ ಬಯಸಿದ್ದು ಇದನ್ನೇ ಅಲ್ಲವೇ? ಅವರು ಬಾಯಿ ತೆರೆಯಲಿಲ್ಲ. ನನ್ನನ್ನು ನೋಡಿದರು. ಹುಬ್ಬು ಹಾರಿಸಿದರು. ಎರಡನೆಯ ಸಲ ಕರೆದರು. ಅವರು ತುಟಿಯನ್ನು ಇನ್ನೂ ಬಿಗಿಯಾಗಿ ಮುಚ್ಚಿ, ಗಲ್ಲದಿಂದ ಪರದೆಯ ಕಡೆ ತೋರಿಸಿದರು. ಪೋಕರಿ ಮುದುಕ.

"ಯೆಲೆನ್!" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ನಡಿಗೆ ವಿಭಾಗ!"

ಅಧ್ಯಕ್ಷೆ ಏನೋ ಹೇಳಿ ನಕ್ಕಳು. "ನಡಿಗೆಯವರು ಇಷ್ಟು ದೂರ ನಡೆದದ್ದು ಇದೇ ಮೊದಲಂತೆ," ಎಂದಳು ಜುಜಾ.

ನಾನು ಬಾಚಿಯ ಮೇಲೆ ಹರಿಹಾಯ್ದೆ. "ದನಿ ಇತ್ತಲ್ಲ? ಯಾಕೆ ಸುಮ್ಮನಿದ್ದಿರಿ?"

"ಸ್ವಂತ ಹೆಸರಿಗೆ ಕೂಗುವುದರಲ್ಲಿ ಏನಿದೆ, ವಾಶು," ಎಂದರು ಇಮ್ರೆ ಬಾಚಿ, ಒರಟು ಹೊಸ ದನಿಯಲ್ಲಿ. "ಒಂದು ದನಿ ಬಂತು. ಅದನ್ನು ಆ ಹುಡುಗಿಗೆ ಕೊಟ್ಟೆ. ನನ್ನ ಹೆಸರಿಗೆ ನೀನಿದ್ದೆ."

ಆ ಸಂಜೆಯ ದಿನಚರಿಯಲ್ಲಿ ನಾನು ಇದನ್ನೆಲ್ಲ ಬರೆದೆ. ಈಚೆಗೆ ಓದಿ ಹೇಳಿದರೆ ಸತೀಶ, ಕುಕ್ಕರ್ ಕೂಗಿದ್ದು ಮೊದಲು, ಅಜ್ಜ ಆಮೇಲೆ ಎನ್ನುತ್ತಾನೆ. ಮಿಹಿರಾ ತಾನೂ ಯೆಲೆನ್ ಎಂದೆನೆಂದು ವಾದಿಸುತ್ತಾಳೆ. ಕಡಲಕಾಗೆಗಳು ಹ್ಯಾಗೂ ಹಾರುತ್ತಲೇ ಇದ್ದವೆನ್ನುತ್ತಾಳೆ ಜುಜಾ. ಅಂದು ಬಿಸಿಲಿತ್ತೋ ಮಳೆಯಿತ್ತೋ ಎಂದು ನೀವು ಕೇಳಿದರೆ ನನ್ನ ಉತ್ತರ ಸಿದ್ಧವಾಗಿದೆ.

ಆದರೆ ಒಂದಕ್ಕೆ ಮಾತ್ರ ಎರಡನೆಯ ಸಾಕ್ಷಿ ಬೇಡ. ಸಭೆ ಮುಗಿದ ಮೇಲೆ ನಾನು ಡಬ್ಬಿಯಲ್ಲಿ ಬಿಸಿಬೇಳೆಬಾತು ತುಂಬಿ ಗೋಡೆಯ ಮೇಲಿಟ್ಟೆ. ದೀಪ ಹಚ್ಚುವ ಹೊತ್ತಿಗೆ ಅದು ತಿರುಗಿ ಬಂತು. ಎತ್ತಿಕೊಂಡರೆ ತಳ ಬೆಚ್ಚಗಿತ್ತು. ಮುಚ್ಚಳ ತೆರೆದೆ: ಶಾವಿಗೆಯಂಥ ಎಳೆಗಳ ಮೇಲೆ ಸಕ್ಕರೆ ಬೆರೆಸಿ ಪುಡಿಮಾಡಿದ ಗಸಗಸೆ, ನಮ್ಮ ಹಬ್ಬದ ಪಾಯಸದ್ದೇ ಗಸಗಸೆ, ಅವರ ಊರಿನ ಅಡುಗೆಯಲ್ಲಿ. ಮುಚ್ಚಳದ ಒಳಬದಿಯಲ್ಲಿ ಆವಿ ಹನಿಗಟ್ಟಿತ್ತು. ಅದನ್ನು ತಿರುವಿ ಅಮ್ಮನ ಹೆಸರನ್ನು ಸೆರಗಿನಿಂದ ಒರೆಸುವಾಗ, ಅಂಚಿನಿಂದ ಜಾರುತ್ತಿದ್ದ ಆ ಕೊನೆಯ ಅಕ್ಷರದವರೆಗೂ ಅದನ್ನು ಗಟ್ಟಿಯಾಗಿ ಓದಿದೆ.

ಗೋಡೆಯಾಚೆಯಿಂದ ಒರಟು ದನಿಯೊಂದು, ಯಾರ ಹೆಸರೆಂದು ಕೇಳದೆಯೇ, ಯೆಲೆನ್ ಎಂದಿತು.